ಕರಡಿಗೆ ಹುಡುಕಿದ್ದು ನಾನು

ಕಳೆದ ತಿಂಗಳ ಸೀಮಂತದ ಊಟದಲ್ಲಿ ನಿಮ್ಮ ದೊಡ್ಡಜ್ಜ, ಅಂದರೆ ನಿಮ್ಮ ಅಜ್ಜನ ಅಣ್ಣ, ಮತ್ತೆ ಅದೇ ಕಥೆ ಹೇಳಿದರು. ನಿಮ್ಮ ಅಜ್ಜ ಯಂತ್ರ ಹಿಡಿದು ಹೊಳೆಯ ಉಸುಕಿನಿಂದ ತಾಯಿಯ ಕೊರಳಿನ ಇಷ್ಟಲಿಂಗ ಹುಡುಕಿ ತೆಗೆದರಂತೆ. ನಾನು ಮುತ್ತೈದೆಯಾಗಿದ್ದೂ ಕಾಲುಂಗುರ ಬಿಚ್ಚಿದೆನಂತೆ. ನೀವೆಲ್ಲ ನಕ್ಕಿರಿ. ನಾನು ಮೂಲೆಯಲ್ಲಿ ಕುಳಿತಿದ್ದೆ. ಹತ್ತು ಜನರ ಮುಂದೆ ನನಗೆ ಬಾಯಿ ಏಳುವುದಿಲ್ಲ. ನಾಲ್ಕನೆಯ ಇಯತ್ತೆ ಕಲಿತವಳು, ಬರೆಯಲು ಬರುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಮಾತು. ನಾಲತವಾಡದ ಆಚೆ ನಮ್ಮೂರು, ಕೃಷ್ಣೆಯ ದಂಡೆ. ಆಗ ಈಗಿನ ಹಿನ್ನೀರು ಇರಲಿಲ್ಲ. ಬೇಸಿಗೆಯಲ್ಲಿ ನೀರು ಒಂದು ಬದಿಗೆ ಸರಿದರೆ ಹೊಲದಷ್ಟು ಅಗಲ ಬರೀ ಉಸುಕು. ನಿಮ್ಮ ಅಜ್ಜ ಮುದ್ದೇಬಿಹಾಳದಲ್ಲಿ ನಳದ ಪೈಪು ಜೋಡಿಸುವ ಕೆಲಸದಲ್ಲಿದ್ದರು.

ನಮ್ಮ ಮನೆಯಲ್ಲಿ ಕೊರಳಲ್ಲಿ ಲಿಂಗ ಇಲ್ಲದೆ ನೀರೂ ಮುಟ್ಟುವಂತಿಲ್ಲ. ನನ್ನ ಅತ್ತೆಯ ಲಿಂಗ ಬೆಳ್ಳಿಯ ಕರಡಿಗೆಯೊಳಗೆ ಇರುತ್ತಿತ್ತು. ಅದನ್ನು ಕಟ್ಟಿದ ಶಿವದಾರ ಸವೆದು ನೂಲೆಳೆಯಷ್ಟಾಗಿತ್ತು. "ಬಸವನ ಬಾಗೇವಾಡಿಗೆ ಹೊಂಟೀರಿ, ಅತ್ತಿಯವರಿಗಿ ಒಂದು ಶಿವದಾರ ತರ್ರಿ" ಎಂದು ನಿಮ್ಮ ಅಜ್ಜನಿಗೆ ಮೂರು ಸಲ ಹೇಳಿದ್ದೆ. ಮೂರು ಸಲವೂ ಬರಿಗೈಯಲ್ಲಿ ಬಂದರು.

ಒಂದು ಶನಿವಾರ ಬೆಳಿಗ್ಗೆ ಅತ್ತೆ, ನಾನು ಹೊಳೆಗೆ ಹೋದೆವು. ಅತ್ತೆ ಮಿಂದು ಮೇಲೆ ಬಂದಾಗ ಕರಡಿಗೆ ಎದೆಯ ಮೇಲೇ ಇತ್ತು, ನಾನು ಕಣ್ಣಾರೆ ಕಂಡಿದ್ದೇನೆ. ಜಾಲಿ ಕಂಟಿಯ, ಅಂದರೆ ಮುಳ್ಳುಪೊದೆಯ, ಹತ್ತಿರ ನಾನು ಒಣ ಸೀರೆ ಮರೆ ಹಿಡಿದೆ, ಅವರು ಒದ್ದೆ ಸೀರೆ ಬಿಚ್ಚಿದರು. ಆಮೇಲೆ ಪೂಜೆಗೆ ಕೈ ಹಾಕಿದರೆ ಕೊರಳಲ್ಲಿ ಹರಿದ ದಾರ ಮಾತ್ರ. ಇಬ್ಬರೂ ಗಾಬರಿಯಿಂದ ನೀರಿನ ಕಡೆ ಓಡಿದೆವು. ಅಷ್ಟರಲ್ಲಿ ಎಮ್ಮೆಗಳ ಹಿಂಡು ಬಂದು ಕಂಟಿಯ ಬುಡವನ್ನೆಲ್ಲ ತುಳಿದು ಹೋಯಿತು.

ಮಠದ ಅಯ್ಯನವರು ಬಂದು ಬೇರೆ ಲಿಂಗ ಕಟ್ಟುತ್ತೇನೆ ಎಂದರು. ಅತ್ತೆ ಒಪ್ಪಲಿಲ್ಲ. "ನನ್ನ ಲಿಂಗ ಎಮ್ಮಿ ಕಾಲಾಗ ಬಿಟ್ಟು ಬ್ಯಾರೇದು ಕಟಗೊಳ್ಲೇನ್ರಿ ಅಯ್ಯನೋರ?" ಅಂದಿನಿಂದ ಅವರು ಅನ್ನ ನೀರು ಮುಟ್ಟಲಿಲ್ಲ. ಆ ಬಿಸಿಲಿನಲ್ಲಿ!

ಮನೆಯಲ್ಲಿ ತಪ್ಪು ನನ್ನದಾಯಿತು. ದೊಡ್ಡಜ್ಜ, ಅಂದರೆ ನನ್ನ ಭಾವ, ಗೋಡೆಯ ಕಡೆ ಮುಖ ಮಾಡಿ ನನಗೆ ಕೇಳುವಂತೆ ಹೇಳಿದರು: "ಜೋಡಿಗಿ ಒಬ್ಬಾಕಿನ್ನ ಕಳಿಸಿದ್ರ ಇಷ್ಟೂ ನೋಡ್ಕೊಳ್ಳಾಕ ಆಗಲಿಲ್ಲ." ದಾರ ತರಲು ಮರೆತವರು ತಲೆ ಬಗ್ಗಿಸಿ ರೊಟ್ಟಿ ಮುರಿಯುತ್ತಿದ್ದರು.

ನೆಲದೊಳಗಿನ ಪೈಪು ಹುಡುಕಲು ನಿಮ್ಮ ಅಜ್ಜನ ಕಚೇರಿಗೆ ಹೊಸ ಯಂತ್ರವೊಂದು ಬಂದಿತ್ತು. ಉದ್ದ ಕೋಲಿನ ತುದಿಗೆ ತಾಟಿನಷ್ಟು ದೊಡ್ಡ ಬಳೆ, ಹಿಡಿಕೆಯ ಹತ್ತಿರ ಒಂದು ಗುಂಡಿ. ಕೆಳಗೆ ಲೋಹ ಇದ್ದರೆ ಒದರುತ್ತದೆ. ಮರುದಿನ, ರವಿವಾರ ಬೆಳಿಗ್ಗೆ ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದರು. ಮನೆಯಲ್ಲಿ ಇರಲಾರೆ ಎಂದ ಅತ್ತೆಯನ್ನು ಬಂಡಿಯಲ್ಲಿ ಕೂರಿಸಿ ಹೊಳೆಗೆ ಕರೆದೊಯ್ದು ದೊಡ್ಡ ಜಾಲಿಯ ಮರದ ನೆರಳಿನಲ್ಲಿ ಇಳಿಸಿದೆವು. ಅವರ ತುಟಿಗಳು ಒಡೆದಿದ್ದವು.

"ಸೀರಿ ಬದಲಿ ಮಾಡಿದ ಕಂಟೀ ಕಡೆ ನೋಡ್ರಿ, ನೀರಿಂದ ಬಂದಾಗ ಕೊಳ್ಳಾಗ ಇತ್ತು" ಎಂದು ನಿಮ್ಮ ಅಜ್ಜನಿಗೆ ಪಿಸುಮಾತಿನಲ್ಲಿ ಹೇಳಿದೆ. ಅವರು ಅಣ್ಣನ ಮುಖ ನೋಡಿದರು. "ಮುಳುಗು ಹಾಕಿದಲ್ಲೇ ಬಿದ್ದಿರ್ತೈತಿ. ಹೆಂಗಸರ ಮಾತ ಕೇಳಿ ಉಸುಕ ಎಣಸೂದೇನ?" ಎಂದರು ಭಾವ. ಮುಗಿಯಿತು. ಇಬ್ಬರೂ ನೀರಿನಂಚಿಗೆ ಹೋದರು. ಜನ ಹೊಳೆಗೆ ಎಸೆದ ದುಡ್ಡು, ದೋಣಿಯ ಮೊಳೆ, ಎಲ್ಲದಕ್ಕೂ ಅದು ಒದರಿತು. ಕುಡಗೋಲು ಬೀಸಿದಂತೆ ಗಾಳಿಯಲ್ಲಿ ಬೀಸುತ್ತಿದ್ದರು. ಬೀಸಿದ ಎರಡು ಜಾಗಗಳ ನಡುವೆ ಒಂದು ಕೊಡ ಹೂತರೂ ಗೊತ್ತಾಗುತ್ತಿರಲಿಲ್ಲ.

ನಡುವೆ ಒಮ್ಮೆ ನಿಮ್ಮ ಅಜ್ಜ ಚೇಷ್ಟೆಗೆ ಅದನ್ನು ನನ್ನ ಕೈಗೆ ಕೊಟ್ಟರು. ನಾನು ಹೆಜ್ಜೆ ಇಟ್ಟಲ್ಲೆಲ್ಲ ಕಿರುಚಿತು.

"ಅಣ್ಣಾ, ಇಕಿ ಕಾಲಾಗ ಖಜಾನಿ ಐತಿ ನೋಡ!"

"ಕಾಲುಂಗ್ರಕ್ಕ ಒದರಾಕತ್ತೈತಿ. ಕಸಗೊ ಇತ್ತ, ಹೆಂಗಸರಿಗಿ ಆಗೂದಲ್ಲ ಅದು."

ಕಸಿದುಕೊಂಡರು. ಮಧ್ಯಾಹ್ನ ನಾನು ತಂದ ರೊಟ್ಟಿ, ಶೇಂಗಾ ಹಿಂಡಿ ತಿಂದು, ತಂಬಿಗೆ ಎತ್ತಿ ಗಟಗಟ ಕುಡಿದು, ಉಪವಾಸ ಕುಳಿತ ತಾಯಿಯ ಪಕ್ಕದಲ್ಲೇ ಇಬ್ಬರೂ ಮಲಗಿದರು. ಗೊರಕೆ ಕೇಳುತ್ತ ನನ್ನ ಹೊಟ್ಟೆ ಉರಿಯಿತು. ಆ ಉರಿ ಈಗಲೂ ಇದೆ.

ಕುಳಿತಲ್ಲೇ ಕಾಲುಂಗುರ ಎಳೆದೆ. ಲಗ್ನದ ದಿನದಿಂದ ಬಿಚ್ಚಿರಲಿಲ್ಲ. ಚರ್ಮ ಕಿತ್ತು ಬಂತು. "ಅತ್ತಿ, ಇವನ್ನ ಹಿಡ್ಕೋರಿ." ಅತ್ತೆ ನನ್ನ ಬರಿ ಬೆರಳುಗಳನ್ನೂ ಮಲಗಿದ ಮಗನನ್ನೂ ನೋಡಿದರು. ಆಮೇಲೆ ಅಂಗೈ ಚಾಚಿದರು.

ಯಂತ್ರ ಎತ್ತಿಕೊಂಡು ಕಂಟಿಯ ಹತ್ತಿರ ಹೋಗಿ ಗುಂಡಿ ಮೆಲ್ಲಗೆ ತಿರುವಿದೆ. ಅದರ ಗುಂಯ್ ಸದ್ದು ನಿಂತಿತು, ಇನ್ನು ಲೋಹ ಕಂಡರೆ ಮಾತ್ರ ಒದರೀತು. ನನ್ನ ಗಾಜಿನ ಬಳೆಗಳಿಗೆ ಅದು ಏನೂ ಅನ್ನಲಿಲ್ಲ. ಪಡಸಾಲೆ ಸಾರಿಸುವಂತೆ, ಒಂದು ಪಟ್ಟಿಯ ಅಂಚಿನ ಮೇಲೆ ಇನ್ನೊಂದು ಪಟ್ಟಿ ಬರುವಂತೆ, ಉಸುಕಿಗೆ ತಾಗೀತೋ ಇಲ್ಲವೋ ಅಷ್ಟು ಕೆಳಗೆ ಹಿಡಿದು ಹಿಂದೆ ಸರಿಯುತ್ತ ಬಂದೆ. ಅದನ್ನು ನನಗೆ ಯಾರೂ ಕಲಿಸಲಿಲ್ಲ. ಸಾರಿಸಿ ಗೊತ್ತಿದ್ದ ಕೈ ತಾನೇ ಕಲಿಯಿತು. ಮೊದಲು ಸಿಕ್ಕಿದ್ದು ಎತ್ತಿನ ಲಾಳ. ಐದನೆಯ ಪಟ್ಟಿಯಲ್ಲಿ ಮತ್ತೆ ಒದರಿತು. ಕೈಯಿಂದ ಬಗೆದೆ. ಅರ್ಧ ಗೇಣು ಕೆಳಗೆ ಕರಡಿಗೆ ಇತ್ತು. ಒಳಗೆ ಲಿಂಗ ಇತ್ತು.

ಅತ್ತೆ ಪೂಜೆ ಮಾಡಿ ತಂಬಿಗೆ ಎತ್ತಿದಾಗ ಭಾವ ಎಚ್ಚರಾದರು. ಮೊದಲು ಕಂಡದ್ದು ನನ್ನ ಕಾಲು. "ಗಂಡ ಜೀವಂತ ಮಲಗ್ಯಾನ, ಇಕಿ ಕಾಲುಂಗ್ರಾ ತಗದಾಳ!" ನಿಮ್ಮ ಅಜ್ಜ ಕಣ್ಣುಜ್ಜುತ್ತ ಎದ್ದು ಕುಳಿತರು. ಕರಡಿಗೆಯನ್ನು ನೋಡಿದರು, ನನ್ನನ್ನು ನೋಡಿದರು, ಎದ್ದು ಯಂತ್ರವನ್ನು ಸೈಕಲ್ಲಿಗೆ ಕಟ್ಟತೊಡಗಿದರು.

ಅತ್ತೆ ಕಾಲುಂಗುರ ನನ್ನ ಕೈಗಿಟ್ಟರು. "ಹಾಕೊ ಮೊದಲ. ಹೊರಗ ಬಾಯಿ ಬಿಡಬ್ಯಾಡವ್ವಾ. ಲಿಂಗ ನನ್ನ ಮಗಾನ ಹುಡುಕಿ ತಗದಾ ಅಂತ ಇರ್ಲಿ." ನಾನು ಬಾಯಿ ಬಿಡಲಿಲ್ಲ. ಭಾವ ಮಾತ್ರ ಅರ್ಧ ಕಥೆಯನ್ನು ಊರೆಲ್ಲ ಹೇಳಿದರು. ಮೂವತ್ತು ವರ್ಷದ ಮೇಲೆ ನಿಮ್ಮ ಅಜ್ಜ ಜ್ವರದಿಂದ ತೀರಿಕೊಂಡರು. ನನ್ನ ಕಾಲುಂಗುರ ತೆಗೆಯುವ ಹೊತ್ತಿಗೆ ಅದೇ ಭಾವ ಬಾಗಿಲಲ್ಲಿ ನಿಂತು, "ಅವತ್ತ ಉಸುಕಿನಾಗ ತಗದಿದ್ಲಲ್ಲ, ಇವತ್ತ ಫಲಾ ಬಂತು" ಎಂದರು.

ಬಿಚ್ಚಿದ್ದು ನಿಜ. ಬಿಚ್ಚಿದ್ದಕ್ಕೇ ನಿಮ್ಮ ಮುತ್ತಜ್ಜಿ ಅಂದು ಎರಡು ತಂಬಿಗೆ ನೀರು ಕುಡಿದರು. ದೊಡ್ಡಜ್ಜ ಇನ್ನೊಮ್ಮೆ ಆ ಕಥೆ ಶುರು ಮಾಡಿದರೆ ನಗಬೇಡಿ. ಕರಡಿಗೆ ಸಿಕ್ಕಾಗ ನೀವು ಎಲ್ಲಿದ್ದಿರಿ ಎಂದು ಅವರನ್ನು ಕೇಳಿ.