ನೀರು ಕಾಣದ ಗೋಡೆ

ಗೋಡೆಗೆ ನೀರು ಹಾಕಿದೆ ಎಂದು ನಾನು ಸುಳ್ಳು ಹೇಳಿದೆ. ಮೂರು ದಿನ ಒಂದು ತಂಬಿಗೆಯನ್ನೂ ಹಾಕಿರಲಿಲ್ಲ. ಆ ಸುಳ್ಳಿನಿಂದ ಒಬ್ಬ ಒಳ್ಳೆಯ ಕೆಲಸಗಾರರ ಹೆಸರು ಕೆಟ್ಟಿತು — ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ಗಂಡನಿಗೂ.

ಐವತ್ತರ ದಶಕದ ಕೊನೆಯ ಒಂದು ಬೇಸಿಗೆ. ನಾವಿನ್ನೂ ಬಸವನಗುಡಿಯ ಬಾಡಿಗೆ ಮನೆಯಲ್ಲಿದ್ದೆವು; ಮಾವನವರು ಜಯನಗರದಲ್ಲಿ ಸ್ವಂತ ಮನೆ ಕಟ್ಟಿಸುತ್ತಿದ್ದರು. ಜಯನಗರವೆಂದರೆ ಆಗ ಗೂಟ ನೆಟ್ಟ ಸೈಟುಗಳು, ಅಲ್ಲೊಂದು ಇಲ್ಲೊಂದು ಗೋಡೆ, ಮಿಕ್ಕಿದ್ದೆಲ್ಲ ಬಿಸಿಲು. ಗಾರೆ ಕೆಲಸಕ್ಕೆ ಸುದ್ದಗುಂಟೆಪಾಳ್ಯದಿಂದ ಮುನಿಯಪ್ಪನವರು ಬರುತ್ತಿದ್ದರು. ವಯಸ್ಸಾದವರು, ಮಾತು ಕಡಿಮೆ. ನಡುಮನೆಯ ಗೋಡೆಗೆ ಅವರು ಸುಣ್ಣದ ಗಾರೆ ಮೆತ್ತಿ ಕರಣೆ ಎಳೆಯುವುದನ್ನು ಸೈಟಿಗೆ ಹೋದಾಗ ನಾನು ಮನೆಯ ಅಡುಗೆ ಮರೆತು ನೋಡುತ್ತಾ ನಿಂತದ್ದುಂಟು. ಕಾವಲಿಯ ಮೇಲೆ ದೋಸೆ ಹಿಟ್ಟು ಹರಡಿದಷ್ಟು ಸಲೀಸು.

ಕೆಲಸ ಮುಗಿಸಿ ನಾಲ್ಕು ದಿನ ಬೇರೆ ಕಡೆ ಹೋಗುವಾಗ ಅವರು ನನಗೆ ಹೇಳಿದ್ದು ಒಂದೇ — ಬಿಸಿಲು ಜೋರಿದೆ, ದಿನಕ್ಕೆ ಮೂರು ಹೊತ್ತು ಗೋಡೆಗೆ ನೀರು ಕುಡಿಸಿ. ಗಂಡಸರಿಗೆ ಆಫೀಸು, ಅತ್ತೆಗೆ ಕಾಲು ನೋವು. ಕೆಲಸ ನನ್ನ ಪಾಲಿಗೆ ಬಂತು, ಸಂತೋಷದಿಂದಲೇ ಒಪ್ಪಿದೆ.

ಈಗ ಹೇಳಲು ಕಷ್ಟವಾದದ್ದು. ನನಗೆ ಮದುವೆಯಾಗಿ ಮೂರು ವರ್ಷವಾಗಿತ್ತು. ಆ ತಿಂಗಳು ಹತ್ತು ದಿನ ತಡವಾಗಿತ್ತು. ಅತ್ತೆ ಬಾಯಿಬಿಟ್ಟು ಏನೂ ಹೇಳಿರಲಿಲ್ಲ, ಆದರೆ ನನ್ನ ತಟ್ಟೆಗೆ ತುಪ್ಪ ಹೆಚ್ಚಿಗೆ ಬೀಳತೊಡಗಿತ್ತು. ಮೇಸ್ತ್ರಿ ಹೋದ ಮಾರನೆಯ ಬೆಳಿಗ್ಗೆಯೇ ಹೊರಗಾದೆ — ಹೇಳಲಾಗಲಿಲ್ಲ. ಆ ತುಪ್ಪದ ಮುಂದೆ ಕೂತು ಹೇಗೆ ಹೇಳಲಿ? ಮುಚ್ಚಿಟ್ಟೆ. ಮನೆಯಲ್ಲಿ ಎಲ್ಲವನ್ನೂ ಮುಟ್ಟಿಕೊಂಡು ಓಡಾಡಿದೆ, ಹೆದರುತ್ತಲೇ. ಹೊಸ ಮನೆಯ ಬಾವಿಗೆ ಅತ್ತೆ ಆಗಷ್ಟೇ ಗಂಗೆಪೂಜೆ ಮಾಡಿದ್ದರು. ಅಲ್ಲಿ ನೋಡುವವರು ಯಾರೂ ಇಲ್ಲ, ಅಲ್ಲಾದರೂ ಬಾವಿ ಮುಟ್ಟದಿರೋಣ, ಹೊಸ ಮನೆಗೆ ಕೇಡಾಗುವುದು ಬೇಡ — ಎಂದುಕೊಂಡೆ. ಮೂರು ದಿನ ನೀರು ಹಾಕುವ ನೆಪದಲ್ಲಿ ಹೋಗಿ, ಜಗಲಿಯ ನೆರಳಲ್ಲಿ ಕೂತು ಬಂದೆ.

ಐದನೆಯ ದಿನ ಮಾವನವರೊಡನೆ ಹೋದಾಗ ಗೋಡೆಯ ತುಂಬ ಕೂದಲೆಳೆಯಂಥ ಬಿರುಕುಗಳು. ಮೈಲಿಗೆಯಲ್ಲಿ ಹೊಸ ಮನೆಯ ಜಗಲಿ ಹತ್ತಿದ್ದಕ್ಕೇ ಹೀಗಾಯಿತೆಂದು ನಿಜವಾಗಿ ನಂಬಿದೆ.

ಮಾವನವರು ಮುನಿಯಪ್ಪನವರನ್ನು ಕರೆಸಿ, ಸುಣ್ಣ ಕದ್ದು ಮರಳು ಸುರಿದಿದ್ದೀಯ ಎಂದು ಬಾಯಿಗೆ ಬಂದಂತೆ ಬೈದರು. ಮುನಿಯಪ್ಪನವರು ಒಂದು ಬಿರುಕಿನ ಮೇಲೆ ಉಗುರು ಆಡಿಸಿದರು. ಗೋಡೆಯ ಬುಡದ ಮಣ್ಣನ್ನು ಮುಟ್ಟಿ ನೋಡಿದರು. ಅಲ್ಲಿ ಇರುವೆಗಳು ಗೂಡು ಮಾಡಿದ್ದವು.

"ನೀರ್ ಹಾಕಿದ್ರಾ ತಾಯಿ?"

"ಹಾಕಿದೆ," ಎಂದೆ.

ಒಮ್ಮೆ ನನ್ನ ಮುಖ ನೋಡಿದರು, ಅಷ್ಟೇ. ಆಮೇಲೆ ಮಾವನವರ ಕಡೆ ತಿರುಗಿದರು. "ತಪ್ಪು ನಂದೇ ಸ್ವಾಮಿ. ಮರಳು ಒಸಿ ಜಾಸ್ತಿ ಆಯ್ತು. ಸರಿ ಮಾಡ್ಕೊಡ್ತೀನಿ."

ಎರಡು ದಿನ ಸರಿಮಾಡಿದರು. ಒಂದೊಂದು ಬಿರುಕನ್ನೂ ಕರಣೆಯ ತುದಿಯಿಂದ ಬಿಡಿಸಿ, ನೀರು ಚಿಮುಕಿಸಿ, ಸೋಸಿದ ಸುಣ್ಣದ ತಿಳಿಯನ್ನು ಬೆರಳಿನಿಂದ ಉಣಿಸಿ, ನುಣುಪು ಕಲ್ಲಿನಿಂದ ತಿಕ್ಕಿದರು. ನಾನು ಬಾವಿಯಿಂದ ಸೇದಿ ಸೇದಿ ಕೊಟ್ಟೆ. ನೀರು ಬಿದ್ದಾಗ ಗೋಡೆ ಸುಯ್ಯೆಂದು ಹೀರಿಕೊಳ್ಳುತ್ತಿತ್ತು. ಎರಡನೆಯ ದಿನ ಸಂಜೆಯ ಹೊತ್ತಿಗೆ ಬಿರುಕು ಎಲ್ಲಿತ್ತೆಂದು ಹುಡುಕಿದರೂ ಸಿಗಲಿಲ್ಲ. ದೇವರ ಕೋಣೆಯಲ್ಲೂ ನನಗೆ ಅಂಥ ಬೆರಗು ಎಂದೂ ಆಗಿಲ್ಲ.

ಯಾರೂ ಇಲ್ಲದ ಹೊತ್ತಿನಲ್ಲಿ, ತಿರುಗಿ ನೋಡದೆಯೇ ಅವರು ಹೇಳಿದರು: "ಗೋಡೆಗೆ ಮೈಲಿಗೆ ಗೊತ್ತಿಲ್ಲ ತಾಯಿ. ದಾಹ ಒಂದೇ ಗೊತ್ತಿರೋದು."

ಅವರಿಗೆ ಹೇಗೆ ತಿಳಿಯಿತು — ನನಗೆ ಇಂದಿಗೂ ಗೊತ್ತಿಲ್ಲ. ತಿಳಿದೂ ತಪ್ಪನ್ನು ತಮ್ಮ ತಲೆಗೆ ಹಾಕಿಕೊಂಡರಲ್ಲ, ಅಷ್ಟು ದೊಡ್ಡ ಮನಸ್ಸನ್ನು ನಾನು ಮತ್ತೆ ಕಂಡಿಲ್ಲ.

ನಮ್ಮದು ಮುಗಿದ ಮೇಲೆ ಅದೇ ರಸ್ತೆಯ ಇನ್ನೂ ನಾಲ್ಕು ಮನೆಗಳ ಗಾರೆ ಅವರಿಗೇ ಎಂದು ಮಾತಾಗಿತ್ತು. ಮಾವನವರು ಬಿರುಕಿನ ವಿಷಯ ಎಲ್ಲರಿಗೂ ಹೇಳಿಬಿಟ್ಟರು. ಒಂದೂ ಸಿಗಲಿಲ್ಲ. 'ಬಿರುಕು ಮೇಸ್ತ್ರಿ' ಎಂಬ ಹೆಸರು ಮಾತ್ರ ನಿಂತಿತು. ನಾನು ಕಾಪಿ ಕೊಡುತ್ತಾ, ಹಾಗೆಂದವರ ಜೊತೆ ನಕ್ಕಿದ್ದೇನೆ.

ಮುಂದಿನ ತಿಂಗಳು ಹೊರಗೆ ಕೂತಾಗ ಅತ್ತೆ, "ಇರ್ಲಿ ಬಿಡು, ಏನೀಗ?" ಎಂದು ಚಾಪೆ ತಂದು ಹಾಕಿದರು. ನಾನು ಹೆದರಿದ್ದು ಇಷ್ಟಕ್ಕೆ.

ಕೆಲವು ವರ್ಷಗಳ ನಂತರ ಬಸ್ ಸ್ಟಾಪಿನಲ್ಲಿ ಮುನಿಯಪ್ಪನವರು ಸಿಕ್ಕಿದ್ದರು. ಗೋಡೆ ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ ಎಂದೆ, ಇನ್ನೊಂದು ಮಾತು ಹೇಳಬೇಕೆಂದು ಬಾಯಿ ತೆರೆದೆ — ಬಸ್ಸು ಬಂತು, ಹತ್ತಿಬಿಟ್ಟೆ. ಇನ್ನೊಂದು ಬಸ್ಸಿಗೆ ಕಾಯಬಹುದಿತ್ತು.

ಆ ಕಾಲದವರೆಂದು ರಸ್ತೆಯಲ್ಲಿ ಈಗ ಉಳಿದಿರುವವರು ನಾನು ಮತ್ತು ಎದುರು ಮನೆಯ ಕಮಲಮ್ಮ. ನಿನ್ನೆ ಅವರು ತಮ್ಮ ಮನೆಯ ರಿಪೇರಿಯವನನ್ನು ಬೈಯುತ್ತಾ, ಬಿರುಕು ಮೇಸ್ತ್ರಿಯ ಜಾತಿಯವನೇ ಇವನೂ ಎಂದರು. ನನಗೆ ನಗು ಬರಲಿಲ್ಲ. ಕೂತು, ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದೆ. ಕೊನೆಗೆ ಕಮಲಮ್ಮ ಕೇಳಿದರು:

"ಅವರ ಹೆಸರೇನ್ರೀ?"

ಅಷ್ಟು ವರ್ಷ ಬೈದವರಿಗೆ ಹೆಸರೇ ಗೊತ್ತಿರಲಿಲ್ಲ. ಗೊತ್ತಿದ್ದ ನಾನೂ ಹೇಳಿರಲಿಲ್ಲ.