ಅತ್ತೆ ಕೂರದ ಹಲಗೆ

ಬೆಂಚು ಮುಗಿದ ದಿನ ಅತ್ತೆ ಅದರ ಮೇಲೆ ಕೂತಿದ್ದರೋ ಇಲ್ಲವೋ, ನನಗೆ ಖಚಿತವಿಲ್ಲ. ಅವರು ಕೂತು, ಮುಖ ಒರೆಸಿಕೊಂಡು, ಪರವಾಗಿಲ್ಲ ಎಂದ ಚಿತ್ರ ನನ್ನ ತಲೆಯಲ್ಲಿದೆ. ಹೆಂಡತಿಯ ಪ್ರಕಾರ ಅತ್ತೆ ಆ ದಿನ ಬೆಂಚಿನ ಹತ್ತಿರವೂ ಬಂದಿರಲಿಲ್ಲ. ಕೂತವನೂ ನಾನೇ, ಮುಖ ಒರೆಸಿಕೊಂಡವನೂ ನಾನೇ. ಇರಬಹುದು. ವಿಶ್ವವಿದ್ಯಾಲಯದಲ್ಲಿ ಅಷ್ಟು ವರ್ಷ ಕಲಿತದ್ದರಲ್ಲಿ ಉಳಿದದ್ದು ಒಂದೇ, ಸಾಕ್ಷಿಯಿಲ್ಲದೆ ನಂಬಬಾರದು ಎಂಬುದು. ಸಾಕ್ಷಿ ನಾನೇ ಆಗಿದ್ದರಂತೂ ನಂಬಲೇಬಾರದು.

ಅತ್ತೆ ಎಂದರೆ ಅಪ್ಪನ ಅಕ್ಕ. ಮುಂಡಾಜೆಯಲ್ಲಿ ನಮ್ಮ ಜೊತೆಗೇ ಇದ್ದಾರೆ. ಮಂಡಿನೋವಿನ ಚಿಕಿತ್ಸೆಗೆ ವಾರಕ್ಕೊಮ್ಮೆ ಬೆಳ್ತಂಗಡಿಗೆ ಹೋಗುತ್ತಾರೆ. ರಸ್ತೆ ಅಗಲ ಮಾಡುವಾಗ ನಮ್ಮ ಗೇಟಿನೆದುರಿನ ತಂಗುದಾಣ ಹೋಯಿತು. ಚಾರ್ಮಾಡಿ ಕಡೆಯಿಂದ ಬಸ್ಸು ಬರುವವರೆಗೆ ನಿಂತೇ ಕಾಯಬೇಕು. ಮಂಡಿ ಸರಿಮಾಡಿಸಲು ಹೊರಟವರ ಮಂಡಿ ಬಸ್ಸು ಹತ್ತುವ ಮೊದಲೇ ಸೋಲುತ್ತಿತ್ತು. ಕಾರಿನಲ್ಲಿ ಬಿಡುತ್ತೇನೆಂದರೆ ಒಪ್ಪುವುದಿಲ್ಲ. ಬಸ್ಸಿನಲ್ಲಿ ಸುದ್ದಿ ಸಿಗುತ್ತದಂತೆ, ಕಾರಿನಲ್ಲಿ ನನ್ನ ವಾದ ಮಾತ್ರ.

ಹಾಗಾಗಿ ಗೇಟಿನ ಪಕ್ಕ ಒಂದು ಬೆಂಚು ಮಾಡಲು ಹೊರಟೆ. ಬಂಟ್ವಾಳದಲ್ಲಿ ಹಳೆ ಮನೆ ಬಿಚ್ಚಿದ ಮರ ಮಾರುವ ಕಡೆ ಒಂದು ಬಾಗಿಲ ಚೌಕಟ್ಟು ಸಿಕ್ಕಿತು. ಮೂಡುಬಿದಿರೆ ಕಡೆಯ ಮನೆಯದಂತೆ. ಒಳ್ಳೆಯ ಹಲಸು. ನಿಲುವುಗಂಬ ಎರಡೂ ಇದ್ದವು, ಅಡ್ಡ ಮರ ಮಾತ್ರ ಒಂದೇ; ಇನ್ನೊಂದು ಆಗಲೇ ಮಾರಿಹೋಗಿತ್ತು. ಒಂದು ಕಂಬವನ್ನು ಕೊಯ್ದು ಕಾಲು ಮಾಡಿದೆ, ಇನ್ನೊಂದನ್ನು ಒರಗುವ ಬೆನ್ನಿಗೆ ಕೊಟ್ಟೆ. ಗೇಣಗಲದ ಆ ದಪ್ಪ ಅಡ್ಡ ಮರವೇ ಕೂರುವ ಹಲಗೆಯಾಯಿತು. ಅದರ ತುದಿಯಲ್ಲೊಂದು ಕುಳಿಯಿತ್ತು. ಮರದ ಹುಡಿಗೆ ಅಂಟು ಕಲಸಿ ಮುಚ್ಚಿ, ಅದರಡಿಗೇ ಕಾಲು ಕೂರಿಸಿದೆ.

ಮರುದಿನ ಅತ್ತೆ ಬಂದು ಬೆರಳಿನಿಂದ ಸರಿಯಾಗಿ ಅದೇ ಜಾಗ ಒತ್ತಿದರು.

“ಇದು ಹೊಸ್ತಿಲು ಅಲ್ವಾ?”

ಅಲ್ಲ, ಬಾಗಿಲ ಮೇಲಿನ ಮರ ಎಂದೆ. ಅರಸಿನ ಕುಂಕುಮ ಹಚ್ಚುವ ಹೊಸ್ತಿಲ ಮೇಲೆ ಚಿಕ್ಕಂದಿನಲ್ಲಿ ಕೂತಾಗಲೆಲ್ಲ ನನ್ನನ್ನು ಕಿವಿ ಹಿಡಿದು ಎಬ್ಬಿಸಿದವರು ಇವರೇ. ಅದಕ್ಕೇ ತರ್ಕ ಮುಂದಿಟ್ಟೆ: ಹೊಸ್ತಿಲಾಗಿದ್ದರೆ ಇಷ್ಟು ವರ್ಷದ ಕಾಲಿಗೆ ನಡು ಸವೆದಿರಬೇಕಿತ್ತು, ಇದು ಸಪಾಟಾಗಿ ಉಂಟು.

“ಹೊಸ್ತಿಲನ್ನು ಯಾರು ಮೆಟ್ಟುತ್ತಾರೆ ಮಾರಾಯ? ದಾಟುವುದಲ್ವಾ?”

ನನ್ನ ಸಾಕ್ಷಿ ಅವರ ಪಕ್ಷಕ್ಕೆ ಹೋಯಿತು. ಆಮೇಲೆ ನಿಧಾನಕ್ಕೆ ವಿವರಿಸಿದರು. ಹಳೆ ಬಾಗಿಲಿಗೆ ಕೀಲಿನ ತಗಡು ಇರಲಿಲ್ಲ. ಬಾಗಿಲ ಹಲಗೆಯಿಂದಲೇ ಮೇಲೆ ಕೆಳಗೆ ಗೂಟದ ಹಾಗೆ ಚಾಚಿದ ಒಂದೊಂದು ಮೂತಿ, ಅದರ ಮೇಲೇ ತಿರುಗುತ್ತಿತ್ತು. ಮೇಲಿನ ಮರದಲ್ಲಿ ಅದಕ್ಕೆ ಆರಪಾರ ತೂತು, ಹೊಸ್ತಿಲಲ್ಲಿ ತಳವಿರುವ ಕುಳಿ.

“ನೀನು ಮುಚ್ಚಿದ್ದು ಆರಪಾರ ಇತ್ತಾ?”

ಇತ್ತು ಎಂದೆ, ಕೂಡಲೇ. ನಿಜ ಹೇಳುವುದಾದರೆ ನನಗೆ ಏನೇನೂ ನೆನಪಿರಲಿಲ್ಲ.

“ನಿನ್ನೆ ಕನ್ನಡಕ ಎಲ್ಲಿಟ್ಟದ್ದು ಅಂತ ಗೊತ್ತುಂಟಾ ನಿನಗೆ?” ಎಂದು ಒಳಗೆ ಹೋದರು.

ಮುಂದಿನ ವಾರ ಅತ್ತೆ ಬೆಂಚಿನ ಬೆನ್ನು ಹಿಡಿದುಕೊಂಡು, ಪಕ್ಕದಲ್ಲಿ ನಿಂತು ಬಸ್ಸು ಕಾದರು. ಕಂಡಕ್ಟರ್ ಬೆಂಚನ್ನೂ ಅವರನ್ನೂ ನೋಡಿ, ಪೈಂಟ್ ಒಣಗಲಿಲ್ವಾ ಅಮ್ಮ ಎಂದು ಕೇಳಿದನಂತೆ. ನಮ್ಮ ಹುಡುಗನದು ಇನ್ನೂ ಒಣಗಲಿಲ್ಲ ಎಂದರಂತೆ ಇವರು. ಬಸ್ಸಿಗೆ ಬಸ್ಸೇ ನಕ್ಕಿತೆಂದು ಆ ಸಂಜೆ ಅವರೇ ವರದಿ ಮಾಡಿದರು. ಅದನ್ನು ತಡೆದುಕೊಂಡೆ. ಅದರ ಮುಂದಿನ ವಾರ ಅವರ ಮಂಡಿ ಬಾತಿತ್ತು. ಬಸ್ಸಿನ ಮೆಟ್ಟಿಲಿಗೆ ಕಾಲು ಏಳಲಿಲ್ಲ, ಕಂಡಕ್ಟರ್ ಇಳಿದು ಕೈಹಿಡಿದು ಹತ್ತಿಸಿದ. ಗೇಟಿನಿಂದ ನೋಡುತ್ತಿದ್ದ ನನಗೆ ತರ್ಕ ಸಾಕೆನಿಸಿತು.

ಅವರು ವಾಪಸು ಬರುವಷ್ಟರಲ್ಲಿ ಬೆಂಚು ಬಿಚ್ಚಿ, ಕೂರುವ ಹಲಗೆಯನ್ನು ಬೆನ್ನಿಗೂ ಬೆನ್ನಿನದನ್ನು ಕೂರುವುದಕ್ಕೂ ಬದಲಿಸಿದ್ದೆ. ಮೊದಲಿನದು ಸ್ವಲ್ಪ ಓರೆಯಾಗಿತ್ತು, ಅದಕ್ಕೆ ಎಂದೆ. ಹೌದೌದು, ಓರೆಯಿತ್ತು ಎನ್ನುತ್ತಾ ಅತ್ತೆ ಕೂತರು. ಈ ಸಲ ಹೆಂಡತಿಯೂ ನೋಡಿದ್ದಾಳೆ. ಈಗ ಬಸ್ಸಿಗೆ ಅರ್ಧ ಗಂಟೆ ಮೊದಲೇ ಹೋಗಿ ಕೂರುತ್ತಾರೆ. ಬಸ್ಸು ಬರುವ ದಾರಿಯ ಕಕ್ಕಿಂಜೆಯ ಸುದ್ದಿ ಬಸ್ಸಿಗಿಂತ ಮೊದಲೇ ಅಲ್ಲಿಗೆ ಬರುತ್ತದೆ.

ಬಿಚ್ಚಿದ ದಿನ ಹಲಗೆಯ ಅಡಿಬದಿ ನೋಡಿದ್ದೆನೇ ಎಂದರೆ ಇಲ್ಲ ಅನಿಸುತ್ತದೆ. ನೋಡಬಾರದೆಂದೇ ನೋಡದೆ ಇದ್ದಿರಲೂಬಹುದು. ಮೊನ್ನೆ ಅವರ ಬಸ್ಸು ಹೋದ ಮೇಲೆ ಬೆನ್ನಿನ ಹಲಗೆಯ ಹಿಂದೆ ಕೈಯಾಡಿಸಿದೆ. ತೂತಿರಲಿಲ್ಲ. ಮುಂಬದಿಯಲ್ಲಿ ಸ್ಕ್ರೂಡ್ರೈವರಿನಿಂದ ಅಂಟು ಕೆದಕಿ ತೆಗೆದೆ. ಕುಳಿ ಎರಡು ಬೆರಳಿನ ಆಳಕ್ಕೆ ನಿಲ್ಲುತ್ತದೆ, ತಳ ಬಟ್ಟಲಿನ ಹಾಗೆ ಸವೆದು ನುಣುಪಾಗಿದೆ. ಅದು ಹೊಸ್ತಿಲೇ.