ಫುಲ್‌ಸ್ಟಾಪಿಗೊಂದು ಧಡ್!

ನಿನ್ನೆ ಮಗಳ ಇಂಗ್ಲಿಷ್ ಪ್ರಬಂಧದ ತಪ್ಪುಗಳಿಗೆ ಲ್ಯಾಪ್‌ಟಾಪು ಸದ್ದಿಲ್ಲದೆ ಕೆಂಪು ಗೆರೆ ಎಳೆಯುತ್ತಿತ್ತು. ಸದ್ದಿಲ್ಲದೆ! ನಾನು ಹುಡುಗನಾಗಿದ್ದಾಗ ಎನ್.ಆರ್. ಕಾಲೋನಿಯ ನಮ್ಮ ಮನೆಯಲ್ಲಿ ಆ ಕೆಲಸಕ್ಕೆ ಬೀದಿಯೇ ಅದುರುತ್ತಿತ್ತು ಸ್ವಾಮೀ!

ನಾಟಕದ ಹುಚ್ಚಿನ ನಮ್ಮಪ್ಪ ಕಾಲೇಜು ಹುಡುಗರ ಇಂಗ್ಲಿಷ್ ತಿದ್ದುತ್ತಿದ್ದರು. ಬರೆದವರನ್ನೇ ಜಗಲಿಯ ಮೇಲೆ ನಿಲ್ಲಿಸಿ ಓದಿಸುವರು. ಕಾಮಾ ಬಂದರೆ ತೊಡೆ ತಟ್ಟಬೇಕು, ಫುಲ್‌ಸ್ಟಾಪಿಗೆ ಧಡ್ ಎಂದು ಕಾಲು ಅಪ್ಪಳಿಸಬೇಕು.

"ಮೈಗೆ ಹತ್ಬೇಕು ಕಣಯ್ಯಾ, ಆಗ ಕೈ ತಪ್ಪಲ್ಲ!"

ನನಗೂ ಅದೇ ಪಾಠ. ಒಮ್ಮೆ ಶಾಲೆಯ ಸಭೆಯಲ್ಲಿ ನನ್ನ ಇಂಗ್ಲಿಷ್ ಪ್ರಬಂಧ ಓದಲು ವೇದಿಕೆಗೆ ಕರೆದರು. ಇಸ್ತ್ರಿ ಪಂಚೆಯುಟ್ಟ ಅಪ್ಪ ಮುಂದಿನ ಸಾಲಿನಲ್ಲೇ ಕೂತಿದ್ದರು. ಮೊದಲ ವಾಕ್ಯ ಮುಗಿಯಿತು. ಅಭ್ಯಾಸಬಲ, ಧಡ್! ಹಲಗೆಯ ವೇದಿಕೆ ಗುಡುಗಿತು.

"ಲೋ, ಜಟಕಾ ಕುದುರೆ ಬಂತು ಕಣ್ರೋ!" ಯಾರೋ ಹಿಂದಿನಿಂದ ಕೂಗಿದರು. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ನನ್ನ ಕಿವಿ ಸುಟ್ಟುಹೋಯಿತು. ಅಪ್ಪ ಮಾತ್ರ ನಗದೆ, ಬರಲಿರುವ ಕಾಮಾಕ್ಕಾಗಿ ಕೈ ಎತ್ತಿ ಕಾಯುತ್ತಿದ್ದರು.

ಕಾಮಾ ಬಂತು. ನಾನು ತೊಡೆ ಮುಟ್ಟಲಿಲ್ಲ. ಅವರೊಬ್ಬರೇ ತಟ್ಟಿದ್ದು ಕೇಳಿಸಿತು.

"ಅಪ್ಪಾ, ಒಂದ್ಸಲ ಜೋರಾಗಿ ಓದ್ತೀಯಾ?" ಎಂದಳು ನಿನ್ನೆ ಮಗಳು, ತಿದ್ದಿದ ಪ್ರಬಂಧ ತೋರಿಸಿ. ಅವಳ ಗೆಳತಿಯರೂ ಕೂತಿದ್ದರು. ಓದಿದೆ. ವಾಕ್ಯದ ಕೊನೆಗೆ ಪಾದ ತಾನಾಗಿಯೇ ಮೇಲೆದ್ದಿತು.

ಸದ್ದಾಗದಂತೆ ಕೆಳಗಿಟ್ಟೆ.